ಬರ್ಕ್ಲಿಯ ಮನೆವೈದ್ಯ

1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಐರ್ಲೆಂಡಿನ ಚಿತ್ರಕಾರ ಮೂವರು ಹೆಂಗಸರ ಒಂದು ದೊಡ್ಡ ಚಿತ್ರ ಬರೆದ. ಮೂವರೂ ಮೈತುಂಬ ಒಡವೆ ಇಟ್ಟುಕೊಂಡಿದ್ದಾರೆ. ಬಲಬದಿಗಿರುವ ಹೆಂಗಸು ಸೀರೆಯನ್ನು ತುಸು ಸರಿಸಿ ತನ್ನ ತೋಳನ್ನು ತೋರಿಸುತ್ತಿದ್ದಾಳೆ. ಅಂತಃಪುರದ ಹೆಣ್ಣುಮಕ್ಕಳು ಪರಪುರುಷನ ಎದುರು ಹೀಗೆ ನಿಲ್ಲುವ ಕಾಲ ಅದಲ್ಲ. ಹಾಗಾಗಿ ಬಹುಕಾಲ ಈ ಮೂವರನ್ನು ಆಸ್ಥಾನದ ನರ್ತಕಿಯರೆಂದೇ ತಿಳಿದಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಈ ಚಿತ್ರವನ್ನು ಮೈಸೂರಿನ ದಾಖಲೆಗಳ ಜೊತೆಗಿಟ್ಟು ನೋಡಿ ಬೇರೆಯೇ ಮಾತು ಹೇಳಿದರು. ಅವರ ಪ್ರಕಾರ ಬಲಬದಿಯವಳು ಬಾಲಕ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಆಕೆ ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ. ಎಡಬದಿಯ ಹಿರಿಯ ರಾಣಿಯ ಮೂಗಿನ ಸುತ್ತ ಬಣ್ಣ ಮಾಸಿದಂತಿದೆ. ಅದು ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಏರಿಸುತ್ತಿದ್ದ ಹಳೆಯ ಪದ್ಧತಿಯ ಗುರುತು. ರಾಜಮನೆತನವೇ ಹೊಸ ಲಸಿಕೆಯನ್ನು ಒಪ್ಪಿಕೊಂಡಿದೆ, ಪ್ರಜೆಗಳು ಅಂಜಬೇಕಿಲ್ಲ ಎಂದು ಸಾರಲು ಬರೆಸಿದ ಚಿತ್ರ ಇದು ಎಂಬುದು ಅವರ ನಿಲುವು.

ಸಿಡುಬಿನ ಹೆಸರೆತ್ತಲು ಅಂಜಿ 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದ ನಾಡು ನಮ್ಮದು. ಬೇವಿನ ಸೊಪ್ಪು ಕಟ್ಟಿ, ತಂಪು ನೈವೇದ್ಯ ಮಾಡಿ, ಮಗು ಉಳಿದರೆ ಸಾಕೆಂದು ಹರಕೆ ಹೊರುತ್ತಿದ್ದ ತಾಯಂದಿರ ನಾಡು. ಅಂಥಲ್ಲಿ ರಾಣಿಯೊಬ್ಬಳು ತೋಳು ತೋರಿಸಿ ನಿಂತದ್ದು ಸಣ್ಣ ಮಾತಲ್ಲ. ಆ ತೋಳಿಗೆ ಬಂದ ಮದ್ದಿನ ಕಥೆ ಹೊರಟದ್ದು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಸೀಮೆಯ ಬರ್ಕ್ಲಿ ಎಂಬ ಸಣ್ಣ ಊರಿನಿಂದ. ಅದನ್ನು ಲೋಕಕ್ಕೆ ಕೊಟ್ಟವರು ಆ ಊರು ಬಿಟ್ಟು ಹೋಗಲು ಒಲ್ಲದ ಒಬ್ಬ ವೈದ್ಯರು, ಎಡ್ವರ್ಡ್ ಜೆನ್ನರ್.

ಜೆನ್ನರ್ ಹುಟ್ಟಿದ್ದು 1749ರ ಮೇ 17ರಂದು. ತಂದೆ ಸ್ಟೀಫನ್ ಬರ್ಕ್ಲಿಯ ಚರ್ಚಿನ ಪಾದ್ರಿ. ಒಂಬತ್ತು ಮಕ್ಕಳಲ್ಲಿ ಎಡ್ವರ್ಡ್ ಎಂಟನೆಯವನು. ಅವನಿಗೆ ಐದು ವರ್ಷವಾಗಿದ್ದಾಗ, 1754ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ ತಾಯಿಯೂ ತಂದೆಯೂ ತೀರಿಕೊಂಡರು. ತಬ್ಬಲಿ ಹುಡುಗನನ್ನು ಅಣ್ಣ, ಅಕ್ಕಂದಿರು ಸಾಕಿದರು. ಹಿರಿಯಣ್ಣನೂ ಪಾದ್ರಿ, ತಂದೆಯ ಜಾಗದಲ್ಲಿ ನಿಂತು ತಮ್ಮನನ್ನು ಓದಿಸಿದ.

ಎಂಟರ ವಯಸ್ಸಿನಲ್ಲಿ ಹುಡುಗನಿಗೆ ಸಿಡುಬಿನ ಚುಚ್ಚು ಹಾಕಿಸಿದರು. ಅದು ಲಸಿಕೆಯಲ್ಲ. ಸೌಮ್ಯವಾಗಿ ಸಿಡುಬು ಎದ್ದವರ ಕೀವನ್ನು ಆರೋಗ್ಯವಂತರ ಚರ್ಮದಲ್ಲಿ ಗೀರಿ ಸೇರಿಸಿ, ನಿಜವಾದ ಸಿಡುಬನ್ನೇ ಸಣ್ಣದಾಗಿ ಬರಿಸುವ ಪದ್ಧತಿ. ಭಾರತ, ಚೀನಾ, ತುರ್ಕಿಗಳಲ್ಲಿ ಇದು ಹಿಂದಿನಿಂದಲೂ ಇತ್ತು. ಬಂಗಾಳದಲ್ಲಿ ಟೀಕಾದಾರರು ಊರೂರು ತಿರುಗಿ ಇದನ್ನು ಮಾಡುತ್ತಿದ್ದರು. ಇಂಗ್ಲೆಂಡಿಗೆ ಅದನ್ನು ಪರಿಚಯಿಸಿದವಳು ಲೇಡಿ ಮೇರಿ ವರ್ಟ್ಲಿ ಮಾಂಟೆಗು. ತುರ್ಕಿಯಲ್ಲಿ ಇದನ್ನು ಕಂಡು ಬಂದ ಆಕೆ 1721ರಲ್ಲಿ ಲಂಡನ್ನಿನಲ್ಲಿ ತನ್ನ ಮಗಳಿಗೇ ಹಾಕಿಸಿದಳು. ಸಿಡುಬು ತಾನಾಗಿ ಬಂದರೆ ಹತ್ತರಲ್ಲಿ ಮೂವರು ಸಾಯುತ್ತಿದ್ದರು. ಹೀಗೆ ಬರಿಸಿದರೆ ನೂರರಲ್ಲಿ ಒಬ್ಬರೋ ಇಬ್ಬರೋ. ಆದರೆ ಚುಚ್ಚಿಸಿಕೊಂಡವರು ಗುಣವಾಗುವ ತನಕ ಬೇರೆಯವರಿಗೆ ರೋಗ ಹರಡಬಲ್ಲವರಾಗಿರುತ್ತಿದ್ದರು. ಅದಕ್ಕೇ ಮಕ್ಕಳನ್ನು ಕೂಡಿಹಾಕುತ್ತಿದ್ದರು. ಎಡ್ವರ್ಡನನ್ನು ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಇಟ್ಟು, ಭೇದಿ ಮಾಡಿಸಿ, ರಕ್ತ ಹರಿಸಿ, ಬಡಕಲು ಮಾಡಿ, ಆಮೇಲೆ ಚುಚ್ಚಿ, ಉಳಿದ ಮಕ್ಕಳ ಜೊತೆ ಒಂದು ಲಾಯದಲ್ಲಿ ಇಟ್ಟರು. ಬದುಕಿ ಹೊರಬಂದ. ಆದರೆ ನಿದ್ದೆ ಹಾಳಾಯಿತು. ಸಣ್ಣ ಸದ್ದಿಗೂ ಬೆಚ್ಚುವ ಸ್ವಭಾವ ಬಹಳ ದಿನ ಉಳಿಯಿತು. ಮಗುವಿಗೆ ಒಳ್ಳೆಯದಾಗಲೆಂದೇ ಕೊಡುವ ಮದ್ದು ಎಷ್ಟು ಕ್ರೂರವಾಗಬಹುದು ಎಂಬುದನ್ನು ಜೆನ್ನರ್ ತಮ್ಮ ಮೈಯಲ್ಲೇ ಕಲಿತಿದ್ದರು.

ಹರೆಯಕ್ಕೆ ಕಾಲಿಡುವ ಮೊದಲೇ ಚಿಪಿಂಗ್ ಸಾಡ್‌ಬರಿಯ ಡೇನಿಯಲ್ ಲಡ್ಲೋ ಎಂಬ ಶಸ್ತ್ರವೈದ್ಯರ ಬಳಿ ಕೆಲಸ ಕಲಿಯಲು ಸೇರಿದ. 1770ರಲ್ಲಿ, ಇಪ್ಪತ್ತೊಂದರ ವಯಸ್ಸಿಗೆ, ಲಂಡನ್ನಿಗೆ ಹೋಗಿ ಜಾನ್ ಹಂಟರ್ ಅವರ ಶಿಷ್ಯನಾದ. ಆ ಕಾಲದ ಅತಿ ದೊಡ್ಡ ಶಸ್ತ್ರವೈದ್ಯ ಹಂಟರ್. ಅವರ ಮನೆಯಲ್ಲೇ ಉಳಿದು ಕಲಿತದ್ದು ಎರಡು ವರ್ಷವಾದರೂ ಆ ಗುರುಶಿಷ್ಯರ ಪತ್ರವ್ಯವಹಾರ ಹಂಟರ್ ಸಾಯುವ ತನಕ ನಡೆಯಿತು. ಹೆಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಪ್ರಾಣಿ ಚಳಿಗಾಲದಲ್ಲಿ ಹೇಗೆ ನಿದ್ದೆ ಮಾಡುತ್ತದೆ, ಆಗ ಅದರ ಮೈ ಎಷ್ಟು ತಣ್ಣಗಿರುತ್ತದೆ ಎಂದು ಹಂಟರ್ ಕೇಳುವುದು, ಜೆನ್ನರ್ ಅಳೆದು ಬರೆಯುವುದು. ಬರಿದೇ ಯೋಚಿಸುತ್ತ ಕೂರಬೇಡ, ಮಾಡಿ ನೋಡು ಎಂಬುದು ಗುರುವಿನ ಉಪದೇಶ.

ಲಂಡನ್ನಿನಲ್ಲಿ ಉಳಿಯುವ ಅವಕಾಶಗಳು ಬಂದವು. ಕ್ಯಾಪ್ಟನ್ ಕುಕ್ ಅವರ ಮೊದಲ ಯಾನದಿಂದ ತಂದ ಸಸ್ಯ, ಪ್ರಾಣಿಗಳ ಮಾದರಿಗಳನ್ನು ಜೋಡಿಸಿಡುವ ಕೆಲಸವನ್ನು ಜೆನ್ನರ್ ಅಚ್ಚುಕಟ್ಟಾಗಿ ಮಾಡಿದ್ದರು. ಹಂಟರ್ ಕೂಡ ತಮ್ಮ ಜೊತೆ ಸೇರಿ ಪಾಠಶಾಲೆ ನಡೆಸಲು ಕರೆದರು. ಆದರೆ ಜೆನ್ನರ್ ಆರಿಸಿಕೊಂಡದ್ದು ಬರ್ಕ್ಲಿಯನ್ನು. ಅಣ್ಣ ಅಲ್ಲಿದ್ದ, ಹೊಳೆ, ಬೇಲಿ, ಹುಲ್ಲುಗಾವಲು, ಹಕ್ಕಿಗಳು ಅಲ್ಲಿದ್ದವು. ಇಪ್ಪತ್ಮೂರರ ವೈದ್ಯ ಕುದುರೆಯೇರಿ ಸುತ್ತಲ ಹಳ್ಳಿಗಳಿಗೆ ಹೋಗತೊಡಗಿದರು. ಆ ಹಳ್ಳಿ ತಿರುಗಾಟ ಸುಖದ್ದೇನೂ ಆಗಿರಲಿಲ್ಲ. 1786ರ ಚಳಿಗಾಲದಲ್ಲಿ ಹಿಮಗಾಳಿಗೆ ಸಿಕ್ಕಿ, ಕುದುರೆಯ ಮೇಲೆಯೇ ಮೈ ಮರಗಟ್ಟಿ ಸಾಯುವ ಹಾಗಾಗಿತ್ತು. ಬದುಕಿ ಬಂದ ಮೇಲೆ, ತಣ್ಣಗಾಗುತ್ತ ಹೋದ ತಮ್ಮ ಮೈಗೂ ಮನಸ್ಸಿಗೂ ಏನೇನಾಯಿತು ಎಂಬುದನ್ನು ರೋಗಿಯ ವಿವರ ಬರೆದಿಟ್ಟಷ್ಟೇ ಶ್ರದ್ಧೆಯಿಂದ ಬರೆದಿಟ್ಟರು.

ಅವರ ಕಣ್ಣು ಹತ್ತಿರದ್ದನ್ನು ಬಿಡದೆ ನೋಡುವ ಕಣ್ಣು. ನಮ್ಮ ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವಂತೆ ಅಲ್ಲಿಯ ಕೋಗಿಲೆ ಸಣ್ಣ ಹಕ್ಕಿಗಳ ಗೂಡಿನಲ್ಲಿ ಇಡುತ್ತದೆ. ಗೂಡಿನ ಸ್ವಂತ ಮರಿಗಳನ್ನು ಹೊರಗೆ ತಳ್ಳುವವರು ಯಾರು ಎಂಬುದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಆಗತಾನೇ ಮೊಟ್ಟೆಯೊಡೆದು ಬಂದ, ಕಣ್ಣೂ ತೆರೆಯದ ಕೋಗಿಲೆ ಮರಿಯೇ ಬೆನ್ನಿನ ತಗ್ಗಿನಲ್ಲಿ ಅವನ್ನು ಹೊತ್ತು ಅಂಚಿಗೆ ಏರಿಸಿ ಕೆಡಹುತ್ತದೆ ಎಂದು ಜೆನ್ನರ್ ಗೂಡುಗಳ ಪಕ್ಕ ಕಾದು ಕೂತು ಕಂಡುಕೊಂಡರು. ಆ ಪ್ರಬಂಧಕ್ಕಾಗಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು.

ನೋಡುವ ಕಣ್ಣಿನ ಜೊತೆ ಮರುಗುವ ಮನಸ್ಸೂ ಇತ್ತು. ಎದೆನೋವಿನಿಂದ ಸತ್ತವರ ದೇಹ ಕೊಯ್ದು ನೋಡಿದಾಗ ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಗಟ್ಟಿಯಾಗಿರುವುದು ಅವರಿಗೆ ಕಂಡಿತ್ತು. ಅಂಥದೇ ನೋವು ಗುರು ಹಂಟರ್ ಅವರಿಗೆ ಶುರುವಾಗಿತ್ತು. ಈ ಮಾತನ್ನು ಪ್ರಕಟಿಸಿದರೆ ಗುರುವಿಗೆ ತನ್ನ ಸಾವು ಹತ್ತಿರವಿದೆಯೆಂದು ತಿಳಿದುಹೋಗುತ್ತದೆ. ಜೆನ್ನರ್ ಸುಮ್ಮನಾದರು. 1793ರಲ್ಲಿ ಹಂಟರ್ ತೀರಿಕೊಂಡಾಗ ಅವರ ಹೃದಯದಲ್ಲಿ ಕಂಡದ್ದೂ ಅದೇ. ಕೀರ್ತಿ ತರಬಲ್ಲ ಒಂದು ಸಂಗತಿಯನ್ನು ಪ್ರೀತಿಗಾಗಿ ವರ್ಷಗಟ್ಟಲೆ ಬಾಯಲ್ಲಿ ಹಿಡಿದಿಟ್ಟುಕೊಂಡ ವೈದ್ಯರು ಎಷ್ಟು ಜನ ಇದ್ದಾರು!

1788ರ ಮಾರ್ಚಿನಲ್ಲಿ ಕ್ಯಾಥರೀನ್ ಕಿಂಗ್ಸ್‌ಕೋಟ್ ಅವರ ಜೊತೆ ಮದುವೆಯಾಯಿತು. ಅದಕ್ಕೆ ನಾಲ್ಕು ವರ್ಷ ಹಿಂದೆ ಜೆನ್ನರ್ ಬರ್ಕ್ಲಿಯ ಕೋಟೆಯಿಂದ ಜಲಜನಕ ತುಂಬಿದ ಬಲೂನೊಂದನ್ನು ಹಾರಿಬಿಟ್ಟಿದ್ದರಂತೆ. ಅದು ಹೋಗಿ ಇಳಿದದ್ದು ಕಿಂಗ್ಸ್‌ಕೋಟ್ ಮನೆತನದ ನೆಲದಲ್ಲಿ ಎಂದು ಆ ಸೀಮೆಯವರು ಇಂದಿಗೂ ಹೇಳುತ್ತಾರೆ. ಚರ್ಚಿನ ಪಕ್ಕದ 'ಚಾಂಟ್ರಿ' ಎಂಬ ಮನೆಯಲ್ಲಿ ಸಂಸಾರ ಹೂಡಿದರು. ಎಡ್ವರ್ಡ್, ಕ್ಯಾಥರೀನ್, ರಾಬರ್ಟ್ ಎಂದು ಮೂವರು ಮಕ್ಕಳಾದರು. ಹೆಂಡತಿಯ ಆರೋಗ್ಯ ಮೊದಲಿನಿಂದಲೂ ನಾಜೂಕು. ಕ್ಷಯ ಒಳಗೊಳಗೇ ತಿನ್ನುತ್ತಿತ್ತು. ಜೆನ್ನರ್ ಪಿಟೀಲು ನುಡಿಸುತ್ತಿದ್ದರು, ಕೊಳಲು ಊದುತ್ತಿದ್ದರು, ಮಳೆಯ ಬಗ್ಗೆ, ಹಕ್ಕಿಗಳ ಬಗ್ಗೆ ಪದ್ಯ ಕಟ್ಟುತ್ತಿದ್ದರು.

ಹಸುವಿನ ಕೆಚ್ಚಲಿನ ಮೇಲೆ ಏಳುವ ಗುಳ್ಳೆ ಹಾಲು ಕರೆಯುವವರ ಕೈಗೆ ಅಂಟುತ್ತದೆ, ಹಾಗೆ ಅಂಟಿಸಿಕೊಂಡವರಿಗೆ ಸಿಡುಬು ಬಾರದು ಎಂಬುದು ಆ ಸೀಮೆಯ ರೈತರ ಮಾತು. ಇದನ್ನು ಮೊದಲು ಕಂಡುಕೊಂಡವರು ಜೆನ್ನರ್ ಅಲ್ಲ. ಡಾರ್ಸೆಟ್ ಸೀಮೆಯ ಬೆಂಜಮಿನ್ ಜೆಸ್ಟಿ ಎಂಬ ರೈತ 1774ರಲ್ಲೇ, ಊರಿಗೆ ಸಿಡುಬು ಬಂದಾಗ, ಹಸುವಿನ ಗುಳ್ಳೆಯ ರಸವನ್ನು ಹೆಣಿಗೆಯ ಸೂಜಿಯಿಂದ ತನ್ನ ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಚುಚ್ಚಿದ್ದ. ಊರವರು ಅವನನ್ನು ಹಳಿದರು. ಆದರೆ ಮೂವರೂ ಬದುಕಿದರು. ಜೆಸ್ಟಿ ತನ್ನ ಮನೆ ಉಳಿಸಿಕೊಂಡ. ಜೆನ್ನರ್ ಅದೇ ಮಾತನ್ನು ಹಿಡಿದು, ಒಬ್ಬೊಬ್ಬ ರೋಗಿಯ ಕಥೆಯನ್ನೂ ಕಲೆಹಾಕಿ, ಪರೀಕ್ಷಿಸಿ, ಯಾರ ಮನೆಯವರು ಬೇಕಾದರೂ ಮಾಡಿನೋಡುವಂತೆ ಬರೆದಿಟ್ಟರು. ಅವರ ದೊಡ್ಡತನ ಅದು. ಊರಿನ ಯಾರಿಗೆ ಯಾವ ವರ್ಷ ಯಾವ ಕಾಯಿಲೆ ಬಂದಿತ್ತು ಎಂಬುದನ್ನು ಬಲ್ಲ ಊರ ವೈದ್ಯರಿಗೆ ಮಾತ್ರ ಸಾಧ್ಯವಾಗುವ ಕೆಲಸವೂ ಹೌದು.

1796ರ ಮೇ ತಿಂಗಳಲ್ಲಿ ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹುಡುಗಿ ಕೈಯ ಮೇಲೆ ಗುಳ್ಳೆ ಎದ್ದು ಜೆನ್ನರ್ ಬಳಿ ಬಂದಳು. ಮುಳ್ಳು ಗೀರಿದ ಜಾಗದಲ್ಲಿ ಬ್ಲಾಸಮ್ ಎಂಬ ಹಸುವಿನಿಂದ ಅಂಟಿದ್ದು. ಮೇ 14ರಂದು ಜೆನ್ನರ್ ಆ ಗುಳ್ಳೆಯ ರಸವನ್ನು ಎಂಟು ವರ್ಷದ ಜೇಮ್ಸ್ ಫಿಪ್ಸ್ ಎಂಬ ಹುಡುಗನ ತೋಳಿನಲ್ಲಿ ಎರಡು ಗೀರು ಎಳೆದು ಸೇರಿಸಿದರು. ಹುಡುಗ ಬಡ ಕೂಲಿಯವನ ಮಗ. ಏಳನೆಯ ದಿನ ಕಂಕುಳಲ್ಲಿ ನೋವು, ಒಂಬತ್ತನೆಯ ದಿನ ಸಣ್ಣ ಚಳಿ, ತಲೆನೋವು, ಊಟ ಬೇಡ, ಮರುದಿನ ಹುಷಾರಾದ. ಜುಲೈ 1ರಂದು ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವು ಚುಚ್ಚಿದರು. ಸಿಡುಬು ಏಳಲಿಲ್ಲ.

ಇಂದು ಯಾವ ವೈದ್ಯರೂ ಹೀಗೆ ಮಾಡುವಂತಿಲ್ಲ, ಮಾಡಬಾರದು. ಆ ಕಾಲದಲ್ಲಿ ಸಿಡುಬಿನ ಚುಚ್ಚು ಎಷ್ಟೋ ಮಕ್ಕಳಿಗೆ ಹಾಕುತ್ತಿದ್ದದ್ದೇ ಎಂಬುದು ನಿಜ. ಆದರೂ ಒಬ್ಬ ಬಡವನ ಮಗುವಿನ ಮೇಲೆ ಭಾರ ಬಿತ್ತು ಎಂಬುದೂ ನಿಜ. ಜೆನ್ನರ್ ತಮ್ಮ ಮಕ್ಕಳನ್ನು ಬಚ್ಚಿಟ್ಟು ಪರರ ಮಕ್ಕಳನ್ನು ಮುಂದೆ ಮಾಡಿದವರಲ್ಲ. ಫಿಪ್ಸ್‌ಗೆ ಏಳು ವರ್ಷ ಮೊದಲೇ, 1789ರಲ್ಲಿ, ಇನ್ನೂ ಒಂದು ವರ್ಷ ತುಂಬದ ಹಿರಿಯ ಮಗ ಎಡ್ವರ್ಡನಿಗೆ ಹಂದಿಸಿಡುಬು ಎನ್ನುತ್ತಿದ್ದ ಕಾಯಿಲೆಯ ರಸ ಚುಚ್ಚಿ ನೋಡಿದ್ದರು. 1798ರಲ್ಲಿ ಹನ್ನೊಂದು ತಿಂಗಳ ರಾಬರ್ಟನಿಗೆ ಹಸುವಿನ ಸಿಡುಬು ಹಾಕಿದರು, ಅದು ಹಿಡಿಯಲಿಲ್ಲ. ಮುಂದೆ ಚೆಲ್ಟನ್‌ಹ್ಯಾಮಿನಲ್ಲಿ ಈ ಮಗು ಸಿಡುಬಿನ ಸೋಂಕಿಗೆ ಒಡ್ಡಿಕೊಂಡಿತು. ಆ ಗಳಿಗೆಯಲ್ಲಿ ಜೆನ್ನರ್ ಕೈಯಲ್ಲಿ ಲಸಿಕೆಯ ರಸ ಇರಲಿಲ್ಲ. ಕಾಯುವುದಕ್ಕೆ ಹೊತ್ತಿಲ್ಲ. ತಾವು ಇಡೀ ಜಗತ್ತಿಗೆ ಬೇಡವೆನ್ನುತ್ತಿದ್ದ ಹಳೆಯ ಸಿಡುಬಿನ ಚುಚ್ಚನ್ನೇ ಸ್ವಂತ ಮಗನಿಗೆ ಹಾಕಿಸಿದರು. ಲಸಿಕೆಯ ವಿರೋಧಿಗಳಿಗೆ ಇದೊಂದು ಅಸ್ತ್ರವಾಯಿತು: ತನ್ನ ಮದ್ದನ್ನು ತನ್ನ ಮಗನಿಗೇ ಹಾಕಲಿಲ್ಲ ನೋಡಿ ಎಂದು ಆಡಿಕೊಂಡರು. ಮಗು ಉಳಿಯಿತು. ಅಪ್ಪನಿಗೆ ಅಷ್ಟು ಸಾಕಿತ್ತು.

ಫಿಪ್ಸ್‌ನ ಪ್ರಯೋಗವನ್ನು ಬರೆದು ಕಳಿಸಿದಾಗ ರಾಯಲ್ ಸೊಸೈಟಿ ಅಚ್ಚುಮಾಡಲು ಒಪ್ಪಲಿಲ್ಲ. ಜೆನ್ನರ್ ಇನ್ನಷ್ಟು ಮಕ್ಕಳಿಗೆ ಹಾಕಿ, 1798ರಲ್ಲಿ ಸ್ವಂತ ಖರ್ಚಿನಲ್ಲಿ ಪುಸ್ತಕ ಹೊರತಂದರು. ಒಂದು ಮಗುವಿನ ತೋಳಿನ ಗುಳ್ಳೆಯಿಂದ ಇನ್ನೊಂದು ಮಗುವಿಗೆ, ಅದರಿಂದ ಮತ್ತೊಂದಕ್ಕೆ, ಹೀಗೆ ಹಸುವಿನ ಹಂಗಿಲ್ಲದೆ ಲಸಿಕೆಯನ್ನು ಸಾಗಿಸಬಹುದೆಂದು ಅದರಲ್ಲಿ ತೋರಿಸಿದ್ದರು. ಲಸಿಕೆಯನ್ನು ಶೀಶೆಯಲ್ಲಿ ತುಂಬಿ ತಂಪಿನಲ್ಲಿಡುವ ಉಪಾಯ ಇಲ್ಲದ ಕಾಲದಲ್ಲಿ ಇದೇ ದಾರಿ. ಪುಸ್ತಕ ಹಿಡಿದು ಲಂಡನ್ನಿಗೆ ಹೋಗಿ ತಿಂಗಳುಗಟ್ಟಲೆ ಕಾದರೂ ತೋಳು ಕೊಡುವವರು ಒಬ್ಬರೂ ಸಿಗಲಿಲ್ಲ. ಅವರು ಬಿಟ್ಟುಬಂದ ರಸವನ್ನು ಹೆನ್ರಿ ಕ್ಲೈನ್ ಎಂಬ ಶಸ್ತ್ರವೈದ್ಯರು ಬಳಸಿ ನೋಡಿದ ಮೇಲೆಯೇ ಬಾಗಿಲು ತೆರೆಯಿತು.

ಆಮೇಲೆ ಅದು ಓಡಿದ ವೇಗ ಬೆರಗು ಹುಟ್ಟಿಸುವಂಥದು. 1803ರಲ್ಲಿ ಸ್ಪೇನಿನಿಂದ ಹೊರಟ ಬಾಲ್ಮಿಸ್ ಎಂಬ ವೈದ್ಯನ ಹಡಗಿನಲ್ಲಿ ಅನಾಥ ಮಕ್ಕಳು ಒಬ್ಬರಿಂದೊಬ್ಬರಿಗೆ ಲಸಿಕೆ ಸಾಗಿಸುತ್ತ ಅಟ್ಲಾಂಟಿಕ್ ದಾಟಿದರು. ಪೂರ್ವಕ್ಕೆ ಹೊರಟ ರಸ ಹಡಗಿನ ದೀರ್ಘ ಪ್ರಯಾಣದಲ್ಲಿ ಕೆಟ್ಟುಹೋಗುತ್ತಿತ್ತು. ಕೊನೆಗೆ ವಿಯೆನ್ನಾದ ಜಾನ್ ದ ಕಾರೊ ಎಂಬ ವೈದ್ಯರು ನೆಲಮಾರ್ಗದಿಂದ ಕಳಿಸಿದರು. ಬಾಗ್ದಾದ್, ಬಸ್ರಾ ಹಾದು ಅದು ಬೊಂಬಾಯಿ ಮುಟ್ಟಿತು. 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿ ಅದನ್ನು ಹಾಕಿಸಿಕೊಂಡಳು. ಭಾರತದಲ್ಲಿ ಲಸಿಕೆ ಹಿಡಿದ ಮೊದಲ ತೋಳು ಅದು. ಆ ಪುಟ್ಟ ತೋಳಿನಿಂದ ಬೇರೆ ಮಕ್ಕಳ ತೋಳಿಗೆ, ಅಲ್ಲಿಂದ ಊರಿಂದೂರಿಗೆ. ನಾಲ್ಕೇ ವರ್ಷದೊಳಗೆ ಮೈಸೂರಿನ ಅಂತಃಪುರಕ್ಕೂ ಬಂತು. ಲಸಿಕೆಗೆ ನಮ್ಮ ಹಿರಿಯರು 'ದಾಕು' ಎಂಬ ಹೆಸರಿಟ್ಟರು. ದಾಕು ಹಾಕುವವರು ಬಂದರೆಂದು ಮಕ್ಕಳನ್ನು ಅಟ್ಟದ ಮೇಲೆ ಅಡಗಿಸಿದ ತಾಯಂದಿರೂ ಇದ್ದರು, ಕಂಕುಳಲ್ಲಿ ಎತ್ತಿಕೊಂಡು ಬಂದವರೂ ಇದ್ದರು. ಬಂಗಾಳ, ಬೊಂಬಾಯಿ, ಮದರಾಸುಗಳಲ್ಲಿ ಚಂದಾ ಎತ್ತಿ ಜೆನ್ನರ್ ಅವರಿಗೆ ಕೃತಜ್ಞತೆಯ ಹಣ ಕಳಿಸಿದರು.

ಹೆಸರು ಬಂದಂತೆ ಕೈ ಬರಿದಾಗುತ್ತ ಬಂತು. ಲಸಿಕೆಯ ಗುಟ್ಟನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರೆ ಜೆನ್ನರ್ ಎಷ್ಟು ಬೇಕಾದರೂ ದುಡಿಯಬಹುದಿತ್ತು. ಅವರು ಕೇಳಿದವರಿಗೆಲ್ಲ ರಸವನ್ನು ದಾರಕ್ಕೆ ಹಚ್ಚಿ ಒಣಗಿಸಿ, ಗಾಜಿನ ಚೂರುಗಳ ನಡುವೆ ಇಟ್ಟು ಕಳಿಸಿಕೊಟ್ಟರು. ದೇಶವಿದೇಶಗಳ ಪತ್ರಗಳಿಗೆ ಉತ್ತರ ಬರೆಯುವುದರಲ್ಲೇ ದಿನ ಮುಗಿಯುತ್ತಿತ್ತು, ರೋಗಿಗಳು ಕಡಿಮೆಯಾದರು. ಲಂಡನ್ನಿನಲ್ಲಿ ಮನೆ ಹಿಡಿದು ನೋಡಿದರು, ಆಗಿಬರಲಿಲ್ಲ. ಮತ್ತೆ ಬರ್ಕ್ಲಿಗೇ ಬಂದರು. ಪಾರ್ಲಿಮೆಂಟು 1802ರಲ್ಲಿ 10,000 ಪೌಂಡನ್ನೂ 1807ರಲ್ಲಿ 20,000 ಪೌಂಡನ್ನೂ ಕೊಟ್ಟಿತು. ಇಂಗ್ಲೆಂಡಿನ ಜೊತೆ ಯುದ್ಧದಲ್ಲಿದ್ದ ನೆಪೋಲಿಯನ್ ತನ್ನ ಸೈನಿಕರಿಗೆ ಲಸಿಕೆ ಹಾಕಿಸಿದ್ದ. ಜೆನ್ನರ್ ಕೇಳಿಕೊಂಡರೆಂದು ಕೆಲವು ಇಂಗ್ಲಿಷ್ ಸೆರೆಯಾಳುಗಳನ್ನೂ ಬಿಟ್ಟ.

ಮನೆಯ ತೋಟದ ಮೂಲೆಯಲ್ಲಿ ಮರದ ತೊಗಟೆ ಹೊದೆಸಿದ ಒಂದು ಗುಡಿಸಲಿತ್ತು. ಜೆನ್ನರ್ ಅದನ್ನು 'ಲಸಿಕೆಯ ಗುಡಿ' ಎಂದು ಕರೆಯುತ್ತಿದ್ದರು. ಸುತ್ತಲ ಬಡವರ ಮಕ್ಕಳಿಗೆ ಅಲ್ಲಿ ಪುಕ್ಕಟೆ ಲಸಿಕೆ. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಸಾಲು ನಿಲ್ಲುತ್ತಿದ್ದರು. ಲೋಕದ ಕೀರ್ತಿಯೆಲ್ಲ ಬಾಗಿಲಿಗೆ ಬಂದಿದ್ದ ಆ ಮನುಷ್ಯ ಕೂತು ಕೆಲಸ ಮಾಡುತ್ತಿದ್ದ ಜಾಗ ಅಷ್ಟೇ: ಒಂದು ಗುಡಿಸಲು, ಒಂದು ಸಣ್ಣ ಕತ್ತಿ, ಅಳುವ ಒಂದು ಮಗು.

ಆದರೆ ಆ ತೋಟ ದಾಟಿ ಮನೆಯೊಳಗೆ ಬಂದರೆ ಅಲ್ಲಿ ಬೇರೆ ರೋಗ ಕೂತಿತ್ತು. ಹಿರಿಯ ಮಗ ಎಡ್ವರ್ಡ್, ಮಗುವಾಗಿದ್ದಾಗಲೇ ಅಪ್ಪನ ಪ್ರಯೋಗಕ್ಕೆ ತೋಳು ಕೊಟ್ಟವನು, ಬೆಳೆಯುತ್ತ ಕ್ಷಯಕ್ಕೆ ಸಿಕ್ಕಿದ. ಕ್ಷಯಕ್ಕೆ ಆಗ ಮದ್ದಿರಲಿಲ್ಲ; ಅದರ ಕ್ರಿಮಿಯನ್ನು ಕಾಣುವುದಕ್ಕೇ ಇನ್ನೂ ಎಪ್ಪತ್ತು ವರ್ಷಕ್ಕೂ ಮಿಕ್ಕಿ ಕಾಯಬೇಕಿತ್ತು. ರಕ್ತ ಹರಿಸುವುದು, ಹವೆ ಬದಲಿಸುವುದು, ಪಕ್ಕದಲ್ಲಿ ಕೂರುವುದು, ಇಷ್ಟೇ ವೈದ್ಯರ ಕೈಲಾಗುತ್ತಿದ್ದದ್ದು. 1810ರ ಜನವರಿಯಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಮಗ ಹೋದ. ಅಪ್ಪ ಕುಸಿದರು. ತಾಯಿಯಿಲ್ಲದ ತಮ್ಮನನ್ನು ಸಾಕಿದ ಅಕ್ಕಂದಿರೂ ಮುಂದಿನ ಕೆಲವು ವರ್ಷಗಳಲ್ಲಿ ಒಬ್ಬೊಬ್ಬರಾಗಿ ಹೋದರು. 1815ರ ಸೆಪ್ಟೆಂಬರ್ 13ರಂದು ಕ್ಯಾಥರೀನ್ ಕೂಡ ಅದೇ ಕ್ಷಯದಿಂದ ತೀರಿಕೊಂಡರು. ಇಪ್ಪತ್ತೇಳು ವರ್ಷದ ದಾಂಪತ್ಯ. ಯಾವ ಊರಿನ ಯಾವ ತಾಯಿಯೂ ತನ್ನ ಮಗುವನ್ನು ಸಿಡುಬಿಗೆ ಕೊಡಬೇಕಿಲ್ಲ ಎಂದು ಲೋಕಕ್ಕೆ ಹೇಳಿಕೊಟ್ಟವರು ತಮ್ಮ ಮನೆಯಲ್ಲಿ ಕೈಕಟ್ಟಿ ನಿಲ್ಲಬೇಕಾಯಿತು.

ಅಲ್ಲಿಂದ ಮುಂದೆ ಜೆನ್ನರ್ ಬರ್ಕ್ಲಿ ಬಿಟ್ಟು ಹೋದದ್ದು ಇಲ್ಲವೆನ್ನುವಷ್ಟು ಕಡಿಮೆ. ದುಃಖದಲ್ಲೂ ಕೆಲಸ ಬಿಡಲಿಲ್ಲ. ಲಸಿಕೆ ಹಾಕುವುದು ನಡೆದೇ ಇತ್ತು. ಹಕ್ಕಿಗಳು ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತವೆ ಎಂದು ಮತ್ತೆ ನೋಡತೊಡಗಿದರು. ಜೇಮ್ಸ್ ಫಿಪ್ಸ್ ದೊಡ್ಡವನಾಗಿ ಮದುವೆಯಾಗಿದ್ದ, ಬಡತನ ಬಿಟ್ಟಿರಲಿಲ್ಲ. ಜೆನ್ನರ್ ಅವನಿಗೆ ಬಾಡಿಗೆಯಿಲ್ಲದೆ ಇರಲು ಒಂದು ಮನೆ ಕೊಟ್ಟರು. ಆ ಮನೆಯ ಮುಂದೆ ಗುಲಾಬಿ ಗಿಡಗಳನ್ನು ತಮ್ಮ ಕೈಯಾರೆ ನೆಟ್ಟರು. ಆ ತೋಳಿನ ಋಣ ಅವರಿಗೆ ನೆನಪಿತ್ತು.

1823ರ ಜನವರಿ. ಚಳಿ ಬಿಗಿಯಾಗಿತ್ತು. ಎಪ್ಪತ್ಮೂರರ ಜೆನ್ನರ್ ಪಕ್ಕದ ಹಳ್ಳಿಗೆ ನಡೆದುಹೋಗಿ, ಬಡವರ ಮನೆಗಳಿಗೆ ಸೌದೆ ಮುಟ್ಟಿಸುವ ಏರ್ಪಾಟು ಮಾಡಿ ಬಂದರು. ಮರುದಿನ, ಜನವರಿ 25ರ ಬೆಳಿಗ್ಗೆ, ಪುಸ್ತಕದ ಕೋಣೆಯಲ್ಲಿ ಲಕ್ವ ಹೊಡೆದು ಬಿದ್ದಿದ್ದರು. 26ರ ನಸುಕಿಗೆ ಮೊದಲೇ ಪ್ರಾಣ ಹೋಯಿತು. ತಂದೆ ಪೂಜೆ ಮಾಡಿಸುತ್ತಿದ್ದ ಅದೇ ಚರ್ಚಿನಲ್ಲಿ, ತಂದೆತಾಯಿ, ಹೆಂಡತಿ, ಮಗ ಮಲಗಿದ್ದ ಕಡೆಯೇ ಮಣ್ಣುಮಾಡಿದರು. ನೆರೆದವರಲ್ಲಿ ಮೂವತ್ತೈದರ ಹತ್ತಿರದ ಫಿಪ್ಸ್ ಕೂಡ ಇದ್ದ.

ಸಿಡುಬು ತಾನಾಗಿ ಅಂಟಿದ ಕೊನೆಯ ರೋಗಿ ಭಾರತದಲ್ಲಿ 1975ರಲ್ಲೂ ಜಗತ್ತಿನಲ್ಲಿ 1977ರಲ್ಲೂ ಕಂಡುಬಂದರು. ಸೊಮಾಲಿಯಾದ ಆಸ್ಪತ್ರೆಯ ಅಡುಗೆಯವರೊಬ್ಬರು ಆ ಕೊನೆಯ ರೋಗಿ, ಅವರು ಗುಣವಾದರು. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ ಸಿಡುಬು ಇಲ್ಲವಾಯಿತೆಂದು ಸಾರಿತು. ನಮ್ಮಲ್ಲಿ ಆ ಹೊತ್ತಿಗಿಂತ ಮುಂಚೆ ಹುಟ್ಟಿದ ಎಷ್ಟೋ ಜನರ ತೋಳಿನಲ್ಲಿ ದಾಕಿನ ಗುರುತು ಈಗಲೂ ಇದೆ. ಚಾಂಟ್ರಿಯ ತೋಟದಲ್ಲಿ ಆ ತೊಗಟೆಯ ಗುಡಿಸಲೂ ಇದೆ. ಒಬ್ಬಿಬ್ಬರು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ನಿಂತರೆ ತುಂಬಿಹೋಗುವಷ್ಟು ಚಿಕ್ಕದು.